ಸಾಧನೆ ಬೇಡದ ಮಾತುಗಳು

ರೇಖಾಗಣಿತದಲ್ಲಿ ಪ್ರಮೇಯವೊಂದನ್ನು ಸಾಧಿಸುವ ಕ್ರಮ ನಿಮಗೆ ಪರಿಚಿತವಾದುದೇ. ಮೊದಲು ದತ್ತ, ಅನಂತರ ಸಾಧನೀಯ, ಬೇಕಾದರೆ ರಚನೆ, ಕೊನೆಗೆ ಸಾಧನೆ. ಸಾಧನೆಯ ಒಂದೊಂದು ಸಾಲಿನ ಎದುರಿಗೂ ಅದರ ಕಾರಣವನ್ನು ಬರೆಯಬೇಕು. ಕಾರಣವಿಲ್ಲದ ಸಾಲಿಗೆ ಅಂಕವಿಲ್ಲ. ಆದರೆ ಇಷ್ಟು ಕಟ್ಟುನಿಟ್ಟಾದ ಶಾಸ್ತ್ರದ ಮೊದಲ ಪುಟಗಳಲ್ಲಿಯೇ ಕೆಲವು ಮಾತುಗಳು ಯಾವ ಕಾರಣದ ಹಂಗೂ ಇಲ್ಲದೆ ನೆಮ್ಮದಿಯಾಗಿ ಕುಳಿತಿರುತ್ತವೆ. ಒಂದೇ ವಸ್ತುವಿಗೆ ಸಮನಾದ ವಸ್ತುಗಳು ತಮ್ಮತಮ್ಮಲ್ಲಿಯೂ ಸಮ; ಎರಡು ಬಿಂದುಗಳನ್ನು ಸೇರಿಸಿ ಒಂದು ಸರಳರೇಖೆಯನ್ನು ಎಳೆಯಬಹುದು. ಇವಕ್ಕೆ ಸಾಧನೆ ಎಲ್ಲಿದೆ? ಎಲ್ಲಿಯೂ ಇಲ್ಲ. ಇವುಗಳಿಗೆ ಸ್ವಯಂಸಿದ್ಧಗಳೆಂದು ಹೆಸರು.

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗಣಿತದ ಮೇಷ್ಟರನ್ನು ಒಮ್ಮೆ, “ಇದಕ್ಕೇಕೆ ಸಾಧನೆ ಬೇಡ, ಸಾರ್?” ಎಂದು ಕೇಳಿದ್ದೆ. ಅವರು ಸೀಮೆಸುಣ್ಣವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ, “ಸದ್ಯಕ್ಕೆ ಒಪ್ಪಿಕೊಂಡು ಮುಂದೆ ನಡೆಯಪ್ಪ” ಎಂದರು. ತರಗತಿಯವರು ನಕ್ಕರು. ಮೇಷ್ಟರು ಪ್ರಶ್ನೆಯಿಂದ ಜಾರಿಕೊಂಡರೆಂದೇ ನಾನು ಬಹುಕಾಲ ಭಾವಿಸಿದ್ದೆ. ಅವರ ಮಾತಿನಲ್ಲಿದ್ದ ‘ಸದ್ಯಕ್ಕೆ’ ಎಂಬ ಪದದ ತೂಕ ನನಗೆ ತಿಳಿದದ್ದು ಬಹಳ ತಡವಾಗಿ. ಗಣಿತಜ್ಞರಿಗೆ ಆ ಒಂದು ಪದವನ್ನು ಕಂಡುಕೊಳ್ಳಲು ಎರಡು ಸಾವಿರ ವರ್ಷಗಳು ಬೇಕಾದವು. ತತ್ತ್ವಶಾಸ್ತ್ರಜ್ಞರಲ್ಲಿ ಹಲವರು ಅದನ್ನು ಇಂದಿಗೂ ಒಪ್ಪಿಲ್ಲ. ಈ ಭೇದ ಎಲ್ಲಿಂದ ಬಂದಿತೆಂಬುದನ್ನು ನೋಡೋಣ.

ಸಾಧನೆಯಿಲ್ಲದ ಮಾತುಗಳು ಬೇಕೇ ಬೇಕೆಂಬುದರಲ್ಲಿ ಮಾತ್ರ ಇಬ್ಬರಿಗೂ ಸಂದೇಹವಿಲ್ಲ. ಒಂದು ಮಾತನ್ನು ಸಾಧಿಸಲು ಎರಡನೆಯ ಮಾತನ್ನು ಆಧಾರವಾಗಿ ಕೊಡುತ್ತೇವೆ. ಎರಡನೆಯದಕ್ಕೆ ಆಧಾರವೇನೆಂದು ಕೇಳಿದರೆ ಮೂರನೆಯದನ್ನು ತರಬೇಕು, ಅದಕ್ಕೆ ನಾಲ್ಕನೆಯದನ್ನು. ಹೀಗೆ ಹೋದರೆ ನಿಲ್ಲುವ ಜಾಗವೇ ಇರುವುದಿಲ್ಲ. ನಮ್ಮ ತಾರ್ಕಿಕರು ಇದನ್ನು ಅನವಸ್ಥಾದೋಷವೆಂದು ಕರೆದರು. ಇದರಿಂದ ತಪ್ಪಿಸಿಕೊಳ್ಳಲು ಎರಡನೆಯ ಮಾತಿಗೆ ಮೊದಲನೆಯದನ್ನೇ ಆಧಾರವಾಗಿ ಹೇಳಿದರೆ ಅದು ಅನ್ಯೋನ್ಯಾಶ್ರಯವೆಂಬ ಮತ್ತೊಂದು ದೋಷ. ನಿಘಂಟಿನಲ್ಲಿ ‘ನೀರು’ ಎಂಬುದಕ್ಕೆ ‘ಜಲ’ವೆಂದೂ ‘ಜಲ’ ಎಂಬುದಕ್ಕೆ ‘ನೀರು’ ಎಂದೂ ಬರೆದಿದ್ದರೆ, ನೀರನ್ನೇ ಕಾಣದವನಿಗೆ ಅದರಿಂದ ಏನು ತಿಳಿದೀತು? ಆದುದರಿಂದ ವಿಚಾರವು ಎಲ್ಲಿಯೋ ಒಂದು ಕಡೆ ನಿಲ್ಲಬೇಕು. ನಿಂತ ಜಾಗದ ಸ್ವರೂಪವೇನೆಂಬುದೇ ಪ್ರಶ್ನೆ. ಅದು ಸತ್ಯವೆಂದು ನಿಂತೆವೋ ಅಥವಾ ನಿಲ್ಲೋಣವೆಂದು ನಿಶ್ಚಯಿಸಿ ನಿಂತೆವೋ?

ಗೌತಮನ ನ್ಯಾಯಸೂತ್ರಗಳಲ್ಲಿ ಈ ಎರಡು ಬಗೆಯ ನಿಲುಗಡೆಗಳಿಗೂ ಹೆಸರುಗಳಿವೆ. ಅಲ್ಲಿ ಸಿದ್ಧಾಂತವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಯಾವ ಶಾಸ್ತ್ರವೂ ವಿರೋಧಿಸದೆ ಎಲ್ಲರೂ ಒಪ್ಪುವ ಮಾತು ಸರ್ವತಂತ್ರ ಸಿದ್ಧಾಂತ. ಮೂಗು ಮೊದಲಾದವು ಇಂದ್ರಿಯಗಳು, ವಾಸನೆ ಮೊದಲಾದವು ಅವುಗಳ ವಿಷಯಗಳು ಎಂಬುದು ಇದಕ್ಕೆ ನಿದರ್ಶನ. ಇನ್ನೊಂದು ಅಭ್ಯುಪಗಮ ಸಿದ್ಧಾಂತ. ಒಂದು ಮಾತನ್ನು ಪರೀಕ್ಷಿಸದೆಯೇ ‘ಹಾಗೆಯೇ ಇಟ್ಟುಕೊಳ್ಳೋಣ’ ಎಂದು ಒಪ್ಪಿಕೊಂಡು, ಅದರಿಂದ ಮುಂದೆ ಏನಾಗುತ್ತದೆಂದು ವಿಚಾರಿಸುವುದು ಇದರ ಲಕ್ಷಣ. ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಉದಾಹರಣೆ ಸ್ವಾರಸ್ಯವಾದುದು. ಶಬ್ದವು ಗುಣವೆಂಬುದು ನೈಯಾಯಿಕರ ಮತ. ಆದರೂ ಅದು ದ್ರವ್ಯವೆಂದೇ ಇಟ್ಟುಕೊಳ್ಳೋಣ. ಆಗ ಅದು ನಿತ್ಯವೋ ಅನಿತ್ಯವೋ ಎಂದು ವಿಚಾರಿಸೋಣ, ಎನ್ನುತ್ತಾನೆ. ತಾನು ನಂಬದ ಮಾತನ್ನೂ ಆರಂಭವಾಗಿ ಇಟ್ಟುಕೊಂಡು ವಿಚಾರವನ್ನು ನಡೆಸಬಹುದೆಂಬ ಈ ಅರಿವು ಬಹಳ ಹಳೆಯದು. ಆದರೆ ನೈಯಾಯಿಕರು ಇದನ್ನು ವಾದದ ಒಂದು ವಿಧಾನವಾಗಿ ಬಳಸಿದರೇ ಹೊರತು ಇದರ ಮೇಲೆ ಒಂದು ಗಣಿತವನ್ನು ಕಟ್ಟಲಿಲ್ಲ.

ಕಟ್ಟಿದವರು ಗ್ರೀಕರು. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಯೂಕ್ಲಿಡನು ಹದಿಮೂರು ಭಾಗಗಳ ‘ಮೂಲತತ್ತ್ವಗಳು’ ಎಂಬ ಗ್ರಂಥವನ್ನು ರಚಿಸಿದನು. ಅದರ ಆರಂಭದಲ್ಲಿ ವ್ಯಾಖ್ಯೆಗಳಾದ ಮೇಲೆ ಅವನು ಎರಡು ಪಟ್ಟಿಗಳನ್ನು ಕೊಟ್ಟಿದ್ದಾನೆ. ಒಂದಕ್ಕೆ ‘ಎಲ್ಲರಿಗೂ ಸಾಮಾನ್ಯವಾದ ತಿಳಿವಳಿಕೆಗಳು’ ಎಂದು ಹೆಸರು. ಸಮವಾದವುಗಳಿಗೆ ಸಮವಾದವುಗಳನ್ನು ಕೂಡಿಸಿದರೆ ಮೊತ್ತಗಳು ಸಮ, ಇಡಿಯದು ತನ್ನ ಭಾಗಕ್ಕಿಂತ ದೊಡ್ಡದು ಎಂಬಂಥವು ಇಲ್ಲಿ ಬರುತ್ತವೆ. ಮತ್ತೊಂದು ಪಟ್ಟಿಗೆ ಅವನು ಬಳಸಿದ ಗ್ರೀಕ್ ಪದಕ್ಕೆ ‘ಬೇಡಿಕೆ’ ಎಂಬುದೇ ಸರಿಯಾದ ಅರ್ಥ. ನಮ್ಮ ಪುಸ್ತಕಗಳಲ್ಲಿ ಇವುಗಳನ್ನು ಆಧಾರ ಪ್ರತಿಜ್ಞೆಗಳೆನ್ನುತ್ತಾರೆ. ಬಿಂದುವಿನಿಂದ ಬಿಂದುವಿಗೆ ಸರಳರೇಖೆಯನ್ನು ಎಳೆಯುವುದು, ಅದನ್ನು ಬೇಕಾದಷ್ಟು ಮುಂದುವರಿಸುವುದು, ಯಾವುದೇ ಕೇಂದ್ರದಿಂದ ಯಾವುದೇ ತ್ರಿಜ್ಯದ ವೃತ್ತವನ್ನು ರಚಿಸುವುದು, ಇವುಗಳಿಗೆ ಅನುಮತಿ ಬೇಕೆಂದು ಲೇಖಕನು ಓದುಗನನ್ನು ಕೇಳಿಕೊಳ್ಳುತ್ತಾನೆ. ಮೊದಲನೆಯ ಪಟ್ಟಿ ‘ಇದು ನಿನಗೆ ಗೊತ್ತೇ ಇದೆ’ ಎನ್ನುತ್ತದೆ. ಎರಡನೆಯದು ‘ಇಷ್ಟನ್ನು ನನಗೆ ಒಪ್ಪಿಸಿಕೊಡು’ ಎನ್ನುತ್ತದೆ. ಈ ಎರಡು ಧ್ವನಿಗಳು ಆ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿಯೇ ಇದ್ದರೂ ಬಹುಕಾಲ ಜನರು ಅವುಗಳ ಭೇದವನ್ನು ಮರೆತು, ಎರಡನ್ನೂ ಪ್ರಶ್ನಿಸಲಾಗದ ಸತ್ಯಗಳೆಂದೇ ಬಗೆದರು.

ತತ್ತ್ವಶಾಸ್ತ್ರಜ್ಞನು ಹುಡುಕುವುದು ಮೊದಲನೆಯ ಧ್ವನಿಯನ್ನು. ಯೂಕ್ಲಿಡನಿಗಿಂತ ಸ್ವಲ್ಪ ಹಿಂದಿನವನಾದ ಅರಿಸ್ಟಾಟಲನು ಎಲ್ಲ ಅರಿವಿಗೂ ತಳದಲ್ಲಿರುವ ಒಂದು ನಿಯಮವನ್ನು ಹೇಳಿದನು. ಒಂದೇ ವಸ್ತುವಿನಲ್ಲಿ ಒಂದೇ ಕಾಲದಲ್ಲಿ ಒಂದೇ ರೀತಿಯಲ್ಲಿ ಒಂದು ಗುಣವು ಇದೆ ಎಂಬುದೂ ಇಲ್ಲ ಎಂಬುದೂ ಕೂಡಿ ನಿಜವಾಗಲಾರದು. ಇದನ್ನು ಸಾಧಿಸು ಎಂದು ಕೇಳುವವನಿಗೆ ಅವನು ಸಾಧನೆಯನ್ನು ಕೊಡುವುದಿಲ್ಲ. ಬದಲಾಗಿ, ನೀನು ಅರ್ಥವುಳ್ಳ ಒಂದೇ ಒಂದು ಮಾತನ್ನು ಆಡು, ಸಾಕು, ಎನ್ನುತ್ತಾನೆ. ‘ಮರ’ ಎಂದು ಹೇಳಿದವನು ಮರವಲ್ಲದುದನ್ನು ಬಿಟ್ಟು ಮರವನ್ನೇ ಹೇಳಿದನಷ್ಟೆ. ಹೇಳಿದೊಡನೆಯೇ ಆ ನಿಯಮವನ್ನು ಒಪ್ಪಿದಂತಾಯಿತು. ಏನನ್ನೂ ಹೇಳದೆ ಸುಮ್ಮನಿದ್ದರೆ ಅವನು ಗಿಡಕ್ಕೆ ಸಮಾನ, ಗಿಡದೊಡನೆ ಯಾರು ವಾದಿಸುತ್ತಾರೆ? ನಿರಾಕರಿಸುವವನೂ ಬಳಸಲೇಬೇಕಾದ ಮಾತು, ಇದೇ ತತ್ತ್ವಶಾಸ್ತ್ರದ ದೃಷ್ಟಿಯಲ್ಲಿ ನಿಜವಾದ ಸ್ವಯಂಸಿದ್ಧ.

ಇದೇ ಜಾಡಿನ ಇನ್ನೊಂದು ವಿಚಾರವನ್ನು ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದಲ್ಲಿ ಕಾಣಬಹುದು. ಆತ್ಮವನ್ನು ನಿರಾಕರಿಸಲಾಗದು, ಏಕೆಂದರೆ ನಿರಾಕರಿಸುವವನು ಯಾವನೋ ಅವನೇ ಆತ್ಮ, ಎಂಬುದು ಅವರ ವಾದ. ಹಲವು ಶತಮಾನಗಳ ಬಳಿಕ ಫ್ರಾನ್ಸಿನ ಡೇಕಾರ್ಟನು, ಶಂಕರರ ಹೆಸರನ್ನೂ ಕೇಳದವನು, ಬೇರೊಂದು ದಾರಿಯಿಂದ ಇಂಥದೇ ಜಾಗಕ್ಕೆ ಬಂದನು. ಸಂಶಯಿಸಬಹುದಾದುದನ್ನೆಲ್ಲ ಸಂಶಯಿಸುತ್ತ ಹೋದ ಅವನಿಗೆ, ಸಂಶಯಿಸುತ್ತಿರುವ ತಾನು ಇರುವೆನೆಂಬುದೊಂದು ಮಾತ್ರ ಸಂಶಯಕ್ಕೆ ಸಿಕ್ಕದೆ ಉಳಿಯಿತು. ಇದನ್ನು ಅವನು 1637ರಲ್ಲಿಯೂ 1641ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ವಿವರಿಸಿದ್ದಾನೆ. ಇಬ್ಬರ ಉದ್ದೇಶಗಳು ಬೇರೆ. ಶಂಕರರು ಆತ್ಮವೇ ಬ್ರಹ್ಮವೆಂಬ ನಿರ್ಣಯದ ಕಡೆಗೆ ನಡೆದರೆ, ಡೇಕಾರ್ಟನು ವಿಜ್ಞಾನಕ್ಕೆ ಅಲುಗಾಡದ ತಳಹದಿಯನ್ನು ಅರಸುತ್ತಿದ್ದನು. ಆದರೂ ಹೆಜ್ಜೆ ಇಟ್ಟ ಮೊದಲ ಕಲ್ಲು ಒಂದೇ ಬಗೆಯದು.

ಇಷ್ಟು ಗಟ್ಟಿಯಾದ ಮಾತನ್ನಾದರೂ ಎಲ್ಲರೂ ಒಪ್ಪಿದರೇ? ಇಲ್ಲ. ಅರಿವು ಎಂಬುದೊಂದು ನಡೆಯುತ್ತಿದೆ, ನಿಜ. ಆದರೆ ಆ ಅರಿವಿನ ಹಿಂದೆ ಬದಲಾಗದೆ ನಿಂತಿರುವ ಅರಿಯುವವನೊಬ್ಬನು ಇದ್ದಾನೆಂದು ಹೇಗೆ ಹೇಳುವಿರಿ, ಎಂದು ಬೌದ್ಧರು ಕೇಳಿದರು. ಈ ವಿವಾದವು ನಮ್ಮ ದೇಶದಲ್ಲಿ ಶತಮಾನಗಳ ಕಾಲ ನಡೆಯಿತು. ಗಮನಿಸಬೇಕಾದುದೇನೆಂದರೆ, ಇಲ್ಲಿ ‘ನಿಮಗೆ ನಿಮ್ಮ ಆತ್ಮ, ನಮಗೆ ನಮ್ಮ ಅನಾತ್ಮ’ ಎಂದು ಹೇಳಿ ಇಬ್ಬರೂ ತಮ್ಮತಮ್ಮ ಮನೆಗೆ ಹೋಗುವಂತಿರಲಿಲ್ಲ. ಇರುವುದು ಒಂದೇ ಜಗತ್ತು. ಅದರ ಬಗ್ಗೆ ಇಬ್ಬರು ವಿರುದ್ಧವಾದ ಮಾತುಗಳನ್ನಾಡಿದರೆ ಒಬ್ಬನಾದರೂ ತಪ್ಪಿರಲೇಬೇಕು. ಆದುದರಿಂದ ತತ್ತ್ವಶಾಸ್ತ್ರದಲ್ಲಿ ಸ್ವಯಂಸಿದ್ಧವೊಂದನ್ನು ಪ್ರಶ್ನಿಸಿದರೆ ವಾದ ಹುಟ್ಟುತ್ತದೆ.

ಗಣಿತದ ಖಚಿತತೆಯನ್ನು ಕಂಡು ಆಸೆಪಟ್ಟ ದಾರ್ಶನಿಕರೂ ಇದ್ದರು. ಹಾಲೆಂಡಿನಲ್ಲಿ ಮಸೂರಗಳನ್ನು ಉಜ್ಜಿ ಜೀವನ ಸಾಗಿಸುತ್ತಿದ್ದ ಸ್ಪಿನೋಜನು ತನ್ನ ‘ನೀತಿಶಾಸ್ತ್ರ’ವನ್ನು ಯೂಕ್ಲಿಡನ ಮಾದರಿಯಲ್ಲಿಯೇ ಬರೆದನು. ಅವನು ತೀರಿಕೊಂಡ 1677ರಲ್ಲಿ ಅದು ಅಚ್ಚಾಯಿತು. ಅದರ ಮೊದಲ ಭಾಗದಲ್ಲಿ 8 ವ್ಯಾಖ್ಯೆಗಳು, 7 ಸ್ವಯಂಸಿದ್ಧಗಳು, 36 ಪ್ರಮೇಯಗಳು, ವಿಷಯ ದೇವರು. ಗ್ರಂಥವು ಭವ್ಯವಾಗಿದೆ. ಆದರೆ ಅದರ ಸ್ವಯಂಸಿದ್ಧಗಳನ್ನು ಒಪ್ಪದವನು ಮೊದಲ ಪುಟದಲ್ಲಿಯೇ ನಿಂತುಬಿಡುತ್ತಾನೆ. ನೂರು ವರ್ಷಗಳ ಅನಂತರ ಜರ್ಮನಿಯ ಕಾಂಟನು 1781ರ ತನ್ನ ಮುಖ್ಯ ಗ್ರಂಥದಲ್ಲಿ ಈ ಪ್ರಯತ್ನವನ್ನೇ ತಳ್ಳಿಹಾಕಿದನು. ಸ್ವಯಂಸಿದ್ಧಗಳು ಗಣಿತಕ್ಕೆ ಮಾತ್ರ ಸಲ್ಲುವ ಸೊತ್ತು, ತತ್ತ್ವಶಾಸ್ತ್ರಕ್ಕೆ ಅವುಗಳ ಹಕ್ಕಿಲ್ಲ, ಎಂದನು. ಗಣಿತಜ್ಞನು ರೇಖೆಯನ್ನು ಮನಸ್ಸಿನಲ್ಲಿ ಎಳೆದು ಅದು ಹಾಗೆಯೇ ಇದೆಯೆಂದು ಕಾಣಬಲ್ಲ. ಬರಿಯ ಪರಿಕಲ್ಪನೆಗಳೊಡನೆ ವ್ಯವಹರಿಸುವ ದಾರ್ಶನಿಕನಿಗೆ ಆ ಸೌಕರ್ಯವಿಲ್ಲವೆಂಬುದು ಅವನ ಅಭಿಪ್ರಾಯ. ಯೂಕ್ಲಿಡನ ರೇಖಾಗಣಿತವು ಅನುಭವಕ್ಕೂ ಮೊದಲೇ ನಮ್ಮ ಗ್ರಹಣಶಕ್ತಿಯಲ್ಲಿ ನೆಲೆಸಿದೆಯೆಂದು ಕಾಂಟನು ದೃಢವಾಗಿ ನಂಬಿದ್ದನು. ಅವನು ಹೀಗೆ ಬರೆದು ಐವತ್ತು ವರ್ಷಗಳಾಗುವ ಹೊತ್ತಿಗೆ, ಕುಸಿಯಲಾರದೆಂದು ಅವನು ಬಗೆದಿದ್ದ ಆ ಕಡೆಯೇ ನೆಲ ಬಿರುಕುಬಿಟ್ಟಿತು.

ಬಿರುಕು ಇದ್ದದ್ದು ಯೂಕ್ಲಿಡನ ಐದನೆಯ ಬೇಡಿಕೆಯಲ್ಲಿ. ಉಳಿದ ನಾಲ್ಕು ಒಂದೊಂದು ಸಾಲಿನವು. ಐದನೆಯದು ಉದ್ದವಾದ ಮಾತು. ಎರಡು ಸರಳರೇಖೆಗಳನ್ನು ಮತ್ತೊಂದು ಸರಳರೇಖೆ ಛೇದಿಸಿದಾಗ ಒಂದು ಪಾರ್ಶ್ವದ ಒಳಕೋನಗಳ ಮೊತ್ತವು ಎರಡು ಲಂಬಕೋನಗಳಿಗಿಂತ ಕಡಿಮೆಯಾಗಿದ್ದರೆ, ಆ ಎರಡು ರೇಖೆಗಳನ್ನು ಮುಂದುವರಿಸುತ್ತ ಹೋದಲ್ಲಿ ಅದೇ ಪಾರ್ಶ್ವದಲ್ಲಿ ಅವು ಸಂಧಿಸುತ್ತವೆ. ಇದನ್ನೇ ಸರಳವಾಗಿ ಹೀಗೆ ಹೇಳಬಹುದು: ಒಂದು ಸರಳರೇಖೆಯ ಹೊರಗಿರುವ ಬಿಂದುವಿನ ಮೂಲಕ ಆ ರೇಖೆಗೆ ಸಮಾಂತರವಾಗಿ ಒಂದೇ ಒಂದು ರೇಖೆಯನ್ನು ಎಳೆಯಬಹುದು. ಓದಿದೊಡನೆ ನಿಜವೆನಿಸುತ್ತದೆ. ಆದರೆ ‘ಮುಂದುವರಿಸುತ್ತ ಹೋದಲ್ಲಿ’ ಎಂಬ ಮಾತನ್ನು ನೋಡಿ. ಎಷ್ಟು ದೂರ? ಹಾಳೆಯ ಆಚೆಗೆ, ಊರಿನ ಆಚೆಗೆ, ನಕ್ಷತ್ರಗಳ ಆಚೆಗೆ. ಅಲ್ಲಿಯವರೆಗೆ ಹೋಗಿ ನೋಡಿದವರು ಯಾರು? ಯೂಕ್ಲಿಡನಿಗೂ ಇದರ ಬಗ್ಗೆ ಹಿಂಜರಿಕೆಯಿದ್ದಂತೆ ತೋರುತ್ತದೆ. ಮೊದಲ ಇಪ್ಪತ್ತೆಂಟು ಪ್ರಮೇಯಗಳನ್ನು ಇದರ ನೆರವಿಲ್ಲದೆಯೇ ಸಾಧಿಸಿ, ಇಪ್ಪತ್ತೊಂಬತ್ತನೆಯದಕ್ಕೆ ಬಂದಾಗ ಮಾತ್ರ ಇದನ್ನು ಹೊರತೆಗೆದಿದ್ದಾನೆ.

ಇದು ಬೇಡಿಕೆಯಾಗಿರತಕ್ಕದ್ದಲ್ಲ, ಸಾಧಿಸಬೇಕಾದ ಪ್ರಮೇಯವೆಂದು ಅನೇಕರಿಗೆ ಅನಿಸಿತು. ಗ್ರೀಕರು ಪ್ರಯತ್ನಿಸಿದರು. ಪರ್ಷಿಯದಲ್ಲಿ ಕವಿಯೂ ಗಣಿತಜ್ಞನೂ ಆಗಿದ್ದ ಉಮರ್ ಖಯ್ಯಾಮನು ಪ್ರಯತ್ನಿಸಿದನು, 13ನೆಯ ಶತಮಾನದಲ್ಲಿ ನಾಸಿರುದ್ದೀನ್ ತೂಸಿಯು ಪ್ರಯತ್ನಿಸಿದನು. ಪ್ರಾಸಂಗಿಕವಾಗಿ ಒಂದು ಮಾತು. ತೂಸಿಯು ಅರಬ್ಬಿಯಲ್ಲಿ ಸಿದ್ಧಪಡಿಸಿದ ಯೂಕ್ಲಿಡನ ಪಾಠವನ್ನು ಅನುಸರಿಸಿಯೇ 18ನೆಯ ಶತಮಾನದ ಮೊದಲ ಭಾಗದಲ್ಲಿ ರಾಜಾ ಜಯಸಿಂಹನ ಆಸ್ಥಾನದ ಜಗನ್ನಾಥ ಸಮ್ರಾಟನು ಆ ಗ್ರಂಥವನ್ನು ಸಂಸ್ಕೃತಕ್ಕೆ ತಂದನು. ಅದಕ್ಕೆ ಅವನಿಟ್ಟ ಹೆಸರು ‘ರೇಖಾಗಣಿತ’. ಭಾರತೀಯ ಗಣಿತಜ್ಞರು ತಮ್ಮ ಸೂತ್ರಗಳಿಗೆ ಉಪಪತ್ತಿಗಳನ್ನು ಕೊಡುತ್ತಿದ್ದರು. ಆದರೆ ಕೆಲವೇ ಸ್ವಯಂಸಿದ್ಧಗಳಿಂದ ಶಾಸ್ತ್ರವನ್ನೆಲ್ಲ ಇಳಿಸಿಕೊಂಡು ಬರುವ ಈ ಪದ್ಧತಿ ಅವರದಾಗಿರಲಿಲ್ಲ.

1733ರಲ್ಲಿ ಇಟಲಿಯ ಪಾದ್ರಿ ಸಕ್ಕೇರಿಯು ಹೊಸದೊಂದು ಉಪಾಯವನ್ನು ಹೂಡಿದನು. ಐದನೆಯ ಬೇಡಿಕೆ ಸುಳ್ಳೆಂದೇ ಇಟ್ಟುಕೊಳ್ಳೋಣ; ಅದರಿಂದ ಅಸಂಬದ್ಧವಾದುದೇನಾದರೂ ಹುಟ್ಟಿದರೆ ಬೇಡಿಕೆ ನಿಜವೆಂದು ಸಾಧಿಸಿದಂತಾಗುತ್ತದೆ. ನೀವು ಗಮನಿಸಿರಬಹುದು, ಇದು ಅಭ್ಯುಪಗಮದ ದಾರಿಯೇ. ಸಕ್ಕೇರಿಯು ಪ್ರಮೇಯದ ಮೇಲೆ ಪ್ರಮೇಯವನ್ನು ಇಳಿಸುತ್ತ ಹೋದನು. ವಿಚಿತ್ರವಾದ ಫಲಗಳು ಬಂದವು, ವಿರೋಧ ಮಾತ್ರ ಬರಲಿಲ್ಲ. ಕೊನೆಗೆ ಇವು ಸರಳರೇಖೆಯ ಸ್ವಭಾವಕ್ಕೆ ಒಗ್ಗುವುದಿಲ್ಲವೆಂದು ತೀರ್ಪುಕೊಟ್ಟು ಕೈತೊಳೆದುಕೊಂಡನು. ಹೊಸ ಲೋಕವೊಂದರ ಒಳಗೆ ಬಹುದೂರ ನಡೆದುಬಂದು, ಇದು ಲೋಕವೇ ಅಲ್ಲವೆಂದು ಹಿಂದಿರುಗಿದವನು ಅವನು.

ಹಂಗೆರಿಯ ಫಾರ್ಕಾಶ್ ಬೋಲ್ಯಾಯಿಯು ಇದೇ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ದುಡಿದು ಸೋತವನು. ತನ್ನ ಮಗ ಯಾನೋಶನೂ ಇದಕ್ಕೆ ಕೈಹಾಕಿದನೆಂದು ತಿಳಿದಾಗ ತಂದೆ ಗಾಬರಿಯಾದನು. ಈ ಹಾದಿಯ ಕತ್ತಲೆಯನ್ನು ನಾನು ಕೊನೆಯತನಕ ನಡೆದು ನೋಡಿದ್ದೇನೆ, ಇದು ನಿನ್ನ ಆರೋಗ್ಯವನ್ನೂ ನೆಮ್ಮದಿಯನ್ನೂ ಸುಖವನ್ನೂ ಕಸಿದುಕೊಳ್ಳುತ್ತದೆ, ಬಿಟ್ಟುಬಿಡು, ಎಂಬ ಅಭಿಪ್ರಾಯ ಬರುವಂತೆ ಕಾಗದ ಬರೆದನು. ಮಗನು ಬಿಡಲಿಲ್ಲ. ಬೇಡಿಕೆಯನ್ನು ಸಾಧಿಸುವ ಆಸೆಯನ್ನು ಮಾತ್ರ ಬಿಟ್ಟನು. ಬಿಂದುವಿನ ಮೂಲಕ ಒಂದಕ್ಕಿಂತ ಹೆಚ್ಚು ಸಮಾಂತರ ರೇಖೆಗಳಿವೆಯೆಂದು ಒಪ್ಪಿಕೊಂಡರೂ ಒಂದು ಪೂರ್ಣವಾದ ರೇಖಾಗಣಿತ ಮೂಡುತ್ತದೆಂದು ಕಂಡು, ಶೂನ್ಯದಿಂದ ಬೇರೊಂದು ಪ್ರಪಂಚವನ್ನೇ ನಿರ್ಮಿಸಿದೆನೆಂದು 1823ರಲ್ಲಿ ತಂದೆಗೆ ತಿಳಿಸಿದನು. ಆಗ ಅವನಿಗೆ ಇಪ್ಪತ್ತು ವರ್ಷ. 1832ರಲ್ಲಿ ಅದು ತಂದೆಯ ಪುಸ್ತಕದ ಅನುಬಂಧವಾಗಿ ಹೊರಬಂದಿತು. ತಂದೆಯು ಅದನ್ನು ತನ್ನ ಗೆಳೆಯನೂ ಆ ಕಾಲದ ಶ್ರೇಷ್ಠ ಗಣಿತಜ್ಞನೂ ಆದ ಗೌಸನಿಗೆ ಕಳುಹಿಸಿದನು. ಇದನ್ನು ಹೊಗಳಿದರೆ ನನ್ನನ್ನೇ ನಾನು ಹೊಗಳಿಕೊಂಡಂತೆ, ಏಕೆಂದರೆ ಇವೆಲ್ಲ ನನಗೆ ಮೊದಲೇ ಹೊಳೆದಿದ್ದವು, ಎಂಬ ಭಾವದ ಉತ್ತರ ಬಂದಿತು. ಗೌಸನು ಸುಳ್ಳಾಡಲಿಲ್ಲ. ಆದರೆ ಜನರ ಕೂಗಾಟಕ್ಕೆ ಅಂಜಿ ತಾನು ಕಂಡದ್ದನ್ನು ಪ್ರಕಟಿಸದೆ ಇಟ್ಟುಕೊಂಡಿದ್ದ ಹಿರಿಯನೊಬ್ಬನು, ಧೈರ್ಯದಿಂದ ಪ್ರಕಟಿಸಿದ ಯುವಕನಿಗೆ ಇಷ್ಟು ತಣ್ಣಗೆ ಬರೆಯಬಾರದಾಗಿತ್ತೆಂದು ನನಗೆ ಅನಿಸುತ್ತದೆ. ಯಾನೋಶನು ಆ ನೋವಿನಿಂದ ಚೇತರಿಸಿಕೊಳ್ಳಲಿಲ್ಲ. ರಷ್ಯದ ಕಜಾನ್ ನಗರದಲ್ಲಿ ಲೊಬಾಚೆವ್‌ಸ್ಕಿಯು ಅದೇ ರೇಖಾಗಣಿತವನ್ನು 1829ರಿಂದಲೇ ಪ್ರಕಟಿಸತೊಡಗಿದ್ದನೆಂಬುದೂ ಅವನಿಗೆ ಮುಂದೆ ತಿಳಿದುಬಂದಿತು.

ಈ ಹೊಸ ರೇಖಾಗಣಿತದಲ್ಲಿ ಎಂದಾದರೊಂದು ದಿನ ವಿರೋಧ ಹೊರಬಿದ್ದೀತೆಂಬ ಭಯವನ್ನು 1868ರಲ್ಲಿ ಇಟಲಿಯ ಬೆಲ್ಟ್ರಾಮಿಯೂ ಬಳಿಕ ಜರ್ಮನಿಯ ಕ್ಲೈನನೂ ಕಳೆದರು. ಅವರ ಯುಕ್ತಿಯನ್ನು ನೀವೇ ಬರೆದು ನೋಡಬಹುದು. ಹಾಳೆಯ ಮೇಲೆ ಒಂದು ವೃತ್ತವನ್ನು ರಚಿಸಿ. ವೃತ್ತದ ಒಳಗಿನ ಜಾಗವೇ ‘ಸಮತಲ’ವೆಂದೂ ಅದರ ಜ್ಯಾಗಳೇ ‘ಸರಳರೇಖೆ’ಗಳೆಂದೂ ತಿಳಿಯಿರಿ. ಈಗ ಒಂದು ಜ್ಯಾವನ್ನು ಎಳೆದು, ಅದರ ಹೊರಗೆ ವೃತ್ತದೊಳಗೇ ಒಂದು ಬಿಂದುವನ್ನು ಗುರುತಿಸಿ. ಆ ಬಿಂದುವಿನ ಮೂಲಕ ಮೊದಲಿನ ಜ್ಯಾವನ್ನು ಸಂಧಿಸದ ಜ್ಯಾಗಳನ್ನು ಎಷ್ಟು ಬೇಕಾದರೂ ಎಳೆಯಬಹುದು! ಪರಿಧಿಯ ಹತ್ತಿರ ಹೋದಂತೆ ಅಳತೆಗೋಲು ಕುಗ್ಗುತ್ತ ಹೋಗುತ್ತದೆಂದು ನಿಯಮಿಸಿದರೆ, ಒಳಗಿರುವವರಿಗೆ ಪರಿಧಿಯು ಎಂದಿಗೂ ಮುಟ್ಟಲಾಗದಷ್ಟು ದೂರ. ಹೀಗೆ ಬೋಲ್ಯಾಯಿಯ ಲೋಕವು ಯೂಕ್ಲಿಡನ ಲೋಕದ ಒಳಗೇ ಒಂದು ಚಿತ್ರವಾಗಿ ಸಿಕ್ಕಿತು. ಅದರಲ್ಲಿ ವಿರೋಧವಿದ್ದರೆ ಯೂಕ್ಲಿಡನಲ್ಲಿಯೂ ಇರಬೇಕು. ಅಂದರೆ ಐದನೆಯ ಬೇಡಿಕೆಯನ್ನು ಉಳಿದವುಗಳಿಂದ ಯಾರೂ ಸಾಧಿಸಲಾರರು. ಎರಡು ಸಾವಿರ ವರ್ಷಗಳ ಪ್ರಯತ್ನ ವಿಫಲವಾದದ್ದು ಪ್ರಯತ್ನಿಸಿದವರ ಬುದ್ಧಿ ಸಾಲದೆ ಅಲ್ಲ.

ಆಗ ಕೇಳಬೇಕಾದ ಪ್ರಶ್ನೆಯೊಂದು ಉಳಿಯಿತು. ಯೂಕ್ಲಿಡನ ರೇಖಾಗಣಿತದಲ್ಲಿ ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ. ಬೋಲ್ಯಾಯಿಯದರಲ್ಲಿ ಅದಕ್ಕಿಂತ ಕಡಿಮೆ. ಗೋಳದ ಮೇಲೆ ಹೆಚ್ಚು. ಉತ್ತರಧ್ರುವದಿಂದ ಲಂಬಕೋನ ಮಾಡಿಕೊಂಡು ಹೊರಟ ಎರಡು ರೇಖಾಂಶಗಳು ಭೂಮಧ್ಯರೇಖೆಯೊಡನೆ ಕೂಡಿ ಮಾಡುವ ತ್ರಿಭುಜದಲ್ಲಿ ಮೂರೂ ಲಂಬಕೋನಗಳೇ, ಮೊತ್ತ 270 ಡಿಗ್ರಿ. ಇವುಗಳಲ್ಲಿ ಯಾವುದು ನಿಜ? ಈ ಪ್ರಶ್ನೆಯನ್ನು ಎದುರಿಸಿದಾಗ ಗಣಿತವೂ ತತ್ತ್ವಶಾಸ್ತ್ರವೂ ಬೇರೆಬೇರೆ ದಾರಿ ಹಿಡಿದವು. ಅದು ಇಬ್ಬರು ಜರ್ಮನ್ ವಿದ್ವಾಂಸರ ನಡುವಣ ಪತ್ರವ್ಯವಹಾರದಲ್ಲಿ ಎದ್ದು ಕಾಣುತ್ತದೆ.

1899ರಲ್ಲಿ ಗಟಿಂಗೆನ್ನಿನ ಡೇವಿಡ್ ಹಿಲ್ಬರ್ಟನು ರೇಖಾಗಣಿತದ ತಳಹದಿಗಳನ್ನು ಕುರಿತು ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದನು. ಬಿಂದು ಎಂದರೇನು, ರೇಖೆ ಎಂದರೇನು ಎಂಬುದಕ್ಕೆ ಅದರಲ್ಲಿ ವ್ಯಾಖ್ಯೆಗಳೇ ಇಲ್ಲ. ಸ್ವಯಂಸಿದ್ಧಗಳು ಹೇಳುವ ಸಂಬಂಧಗಳನ್ನು ಪಾಲಿಸುವುದು ಯಾವುದೋ ಅದೇ ಬಿಂದು, ಅದೇ ರೇಖೆ. ಇದನ್ನು ಓದಿದ ಯೇನಾ ನಗರದ ಗೊಟ್ಲೋಬ್ ಫ್ರೇಗೆಯು ಅದೇ ವರ್ಷದ ಡಿಸೆಂಬರಿನಲ್ಲಿ ಹಿಲ್ಬರ್ಟನಿಗೆ ಬರೆದನು. ಅವನು ಗಣಿತದ ಪ್ರಾಧ್ಯಾಪಕ, ಆದರೆ ಮನಸ್ಸು ದಾರ್ಶನಿಕನದು. ಸ್ವಯಂಸಿದ್ಧವೆಂದರೆ ಸತ್ಯವಾದ ವಿಚಾರ. ಅವು ಸತ್ಯವಾಗಿರುವುದರಿಂದಲೇ ಒಂದಕ್ಕೊಂದು ವಿರೋಧವಾಗಿರುವುದಿಲ್ಲ. ವಿರೋಧವಿಲ್ಲವೆಂದು ಬೇರೆಯಾಗಿ ಸಾಧಿಸುವ ಅಗತ್ಯವೇನಿದೆ, ಎಂಬುದು ಅವನ ವಾದ. ಹಿಲ್ಬರ್ಟನು ಆ ಮಾತನ್ನು ತಲೆಕೆಳಗು ಮಾಡಿ ಉತ್ತರಿಸಿದನು. ನಾನು ಹೇಳುವುದು ಇದಕ್ಕೆ ಸರಿಯಾಗಿ ವಿರುದ್ಧ. ನಾವು ಇಟ್ಟುಕೊಂಡ ಸ್ವಯಂಸಿದ್ಧಗಳಿಂದ ವಿರೋಧ ಹುಟ್ಟದಿದ್ದರೆ ಅವು ಸತ್ಯ, ಅವು ಹೇಳುವ ವಸ್ತುಗಳು ಇವೆ, ಎಂದನು. ಬಿಂದುಗಳೆಂದರೆ ಪ್ರೀತಿ, ಕಾನೂನು, ಹೊಗೆಗೂಡು ಗುಡಿಸುವವನು ಎಂದು ಇಟ್ಟುಕೊಂಡರೂ ಅವುಗಳ ನಡುವೆ ಅದೇ ಸಂಬಂಧಗಳಿದ್ದರೆ ಪ್ರಮೇಯಗಳೆಲ್ಲ ಅವುಗಳಿಗೂ ಸಲ್ಲುತ್ತವೆ, ಎಂದು ಸೇರಿಸಿದನು. ಫ್ರೇಗೆಯು ಸೋಲಲಿಲ್ಲ. ಹಾಗಾದರೆ ನನ್ನ ಜೇಬಿನ ಗಡಿಯಾರವು ಬಿಂದುವೋ ಅಲ್ಲವೋ ಎಂಬುದನ್ನು ನಿಮ್ಮ ಸ್ವಯಂಸಿದ್ಧಗಳಿಂದ ಹೇಗೆ ತೀರ್ಮಾನಿಸಲಿ, ಎಂದು ಮರುಪತ್ರದಲ್ಲಿ ಕೇಳಿದನು. ಹಿಲ್ಬರ್ಟನು ವಾದವನ್ನು ಮುಂದುವರಿಸಲು ಹೆಚ್ಚು ಆಸಕ್ತಿ ತೋರಲಿಲ್ಲ.

ಗಡಿಯಾರದ ಪ್ರಶ್ನೆ ನಗೆ ತರಿಸಿದರೂ ಹುಡುಗಾಟದ್ದಲ್ಲ. ಮಾತು ಯಾವುದರ ಬಗ್ಗೆ ಎಂಬುದೇ ಗೊತ್ತಿಲ್ಲದಿರುವಾಗ ಅದು ನಿಜವೆಂದು ಹೇಳುವುದೆಂತು? ದಾರ್ಶನಿಕನ ಕಾಳಜಿ ಇದು. ಗಣಿತಜ್ಞನ ಕಾಳಜಿ ಬೇರೆ. ಸ್ವಯಂಸಿದ್ಧಗಳು ಯಾವುದರ ಬಗ್ಗೆ ಎಂಬುದನ್ನು ಬಿಟ್ಟುಕೊಟ್ಟದ್ದರಿಂದಲೇ ಒಂದೇ ಸಾಧನೆಯು ಹಲವು ಬಗೆಯ ವಸ್ತುಗಳಿಗೆ ಒಮ್ಮೆಗೇ ಸಲ್ಲುವಂತಾಯಿತು. ಯೂಕ್ಲಿಡನದೂ ಬೋಲ್ಯಾಯಿಯದೂ ಎರಡೂ ಗಣಿತವಾಗಿ ಉಳಿದವು. ನಾವು ವಾಸಿಸುವ ಆಕಾಶವು ಇವುಗಳಲ್ಲಿ ಯಾವುದನ್ನು ಹೋಲುತ್ತದೆಂಬುದು ಅಳೆದು ನೋಡಬೇಕಾದ ವಿಷಯವಾಗಿ ಭೌತವಿಜ್ಞಾನಕ್ಕೆ ಸೇರಿತು. 1915ರಲ್ಲಿ ಐನ್‌ಸ್ಟೈನನು ಗುರುತ್ವವನ್ನು ವಿವರಿಸಲು ಬಳಸಿದ್ದು, ರೀಮಾನನು 1854ರ ಉಪನ್ಯಾಸವೊಂದರಲ್ಲಿ ರೂಪಿಸಿದ್ದ, ಯೂಕ್ಲಿಡನದನ್ನು ಮೀರಿದ ರೇಖಾಗಣಿತವನ್ನು.

ಇಷ್ಟು ಹೇಳಿದರೆ ಹಿಲ್ಬರ್ಟನು ಗೆದ್ದನೆಂದು ನಿಮಗೆ ತೋರಬಹುದು. ಫ್ರೇಗೆಗೆ ಬಂದ ಪೆಟ್ಟು ಆ ಭಾವನೆಯನ್ನು ಬಲಪಡಿಸುತ್ತದೆ. ಅಂಕಗಣಿತವನ್ನೆಲ್ಲ ತರ್ಕದ ಕೆಲವೇ ಸ್ವಯಂಸಿದ್ಧಗಳಿಂದ ಹೊರಡಿಸಬೇಕೆಂದು ಅವನು ವರ್ಷಗಳ ಕಾಲ ಶ್ರಮಿಸಿದ್ದನು. ಅವನ ಗ್ರಂಥದ ಮೊದಲ ಸಂಪುಟ 1893ರಲ್ಲಿ ಹೊರಬಂದಿತ್ತು, ಎರಡನೆಯದು ಅಚ್ಚಿನಲ್ಲಿತ್ತು. 1902ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನಿಂದ ಬರ್ಟ್ರಂಡ್ ರಸೆಲನ ಕಾಗದವೊಂದು ಬಂದಿತು. ಯಾವ ಲಕ್ಷಣವನ್ನು ಹೇಳಿದರೂ ಆ ಲಕ್ಷಣವುಳ್ಳ ವಸ್ತುಗಳೆಲ್ಲದರ ಒಂದು ಗುಂಪು ಇರುತ್ತದೆಂಬುದು ಫ್ರೇಗೆಯ ಸ್ವಯಂಸಿದ್ಧವೊಂದರಿಂದ ಬರುತ್ತಿತ್ತು. ಕೇಳಿದರೆ ಇದರಷ್ಟು ನಿರುಪದ್ರವಿಯಾದ ಮಾತಿಲ್ಲ. ರಸೆಲನು ಕೇಳಿದ್ದು ಇಷ್ಟೆ: ತಮಗೆ ತಾವೇ ಸದಸ್ಯರಲ್ಲದ ಗುಂಪುಗಳನ್ನೆಲ್ಲ ಸೇರಿಸಿ ಮಾಡಿದ ಗುಂಪು ತನಗೆ ತಾನು ಸದಸ್ಯನೋ ಅಲ್ಲವೋ? ನಿಮ್ಮ ಶಾಲೆಯ ಗ್ರಂಥಾಲಯದಲ್ಲಿ, ತನ್ನ ಹೆಸರನ್ನು ತನ್ನಲ್ಲಿಯೇ ನಮೂದಿಸಿಕೊಳ್ಳದ ಸೂಚಿಪುಸ್ತಕಗಳನ್ನು ಮಾತ್ರ, ಅಂಥವುಗಳೆಲ್ಲವನ್ನೂ, ನಮೂದಿಸುವ ಒಂದು ಸೂಚಿಪುಸ್ತಕವನ್ನು ಬರೆಯಹೊರಟಿರೆಂದು ಭಾವಿಸಿ. ಅದರ ಹೆಸರನ್ನು ಅದರಲ್ಲಿ ಬರೆಯಬೇಕೇ? ಬರೆದರೆ ಬರೆಯಕೂಡದು, ಬರೆಯದಿದ್ದರೆ ಬರೆಯಬೇಕು. ಸತ್ಯವಾದುದರಿಂದ ವಿರೋಧ ಹುಟ್ಟಲಾರದೆಂದು ಹಿಲ್ಬರ್ಟನಿಗೆ ಪಾಠ ಹೇಳಿದ್ದವನ ಸ್ವಯಂಸಿದ್ಧದಲ್ಲಿಯೇ ವಿರೋಧ ಅಡಗಿತ್ತು. ಫ್ರೇಗೆಯು ಮುಚ್ಚಿಡಲಿಲ್ಲ. 1903ರಲ್ಲಿ ಬಂದ ಎರಡನೆಯ ಸಂಪುಟಕ್ಕೆ ಅನುಬಂಧವೊಂದನ್ನು ಸೇರಿಸಿ, ಕೆಲಸ ಮುಗಿದ ಮೇಲೆ ತನ್ನ ಕಟ್ಟಡದ ತಳಪಾಯ ಅಲುಗಿತೆಂದು ತಾನೇ ಲೋಕಕ್ಕೆ ತಿಳಿಸಿದನು. ರಸೆಲನು ಈ ಪ್ರಾಮಾಣಿಕತೆಯನ್ನು ಜೀವನದ ಕೊನೆಗಾಲದಲ್ಲಿಯೂ ನೆನೆದು ಮೆಚ್ಚಿದನು.

ಆದರೆ ಹಿಲ್ಬರ್ಟನ ಪಕ್ಷಕ್ಕೂ ಪೂರ್ಣ ಜಯ ದಕ್ಕಲಿಲ್ಲ. ವಿರೋಧವಿಲ್ಲದಿರುವುದೇ ಸ್ವಯಂಸಿದ್ಧಗಳಿಗೆ ಇರಬೇಕಾದ ಯೋಗ್ಯತೆಯಾದರೆ, ವಿರೋಧವಿಲ್ಲವೆಂಬುದನ್ನು ಸಾಧಿಸಿ ತೋರಿಸಬೇಕಲ್ಲವೇ? 1931ರಲ್ಲಿ ಕರ್ಟ್ ಗೋಡೆಲನೆಂಬ ಇಪ್ಪತ್ತೈದು ವರ್ಷದ ತರುಣನು, ಅಂಕಗಣಿತವನ್ನು ಒಳಗೊಳ್ಳುವಷ್ಟು ಸಮರ್ಥವಾದ, ವಿರೋಧವಿಲ್ಲದ ಯಾವ ಸ್ವಯಂಸಿದ್ಧವ್ಯವಸ್ಥೆಯೂ ತನ್ನಲ್ಲಿ ವಿರೋಧವಿಲ್ಲವೆಂಬುದನ್ನು ತನ್ನ ಸ್ವಂತ ಸಾಧನಗಳಿಂದಲೇ ಸಾಧಿಸಲಾರದೆಂದು ಸಿದ್ಧಪಡಿಸಿದನು. ಅದನ್ನು ಸಾಧಿಸಲು ಇನ್ನೂ ಬಲವಾದ ವ್ಯವಸ್ಥೆ ಬೇಕು, ಅದಕ್ಕೆ ಮತ್ತೊಂದು. ತಾರ್ಕಿಕರ ಅನವಸ್ಥೆ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು. ಇಂದಿನ ಗಣಿತಜ್ಞನು ಈ ಅಭಾವವನ್ನು ತಿಳಿದೂ ತನ್ನ ಸ್ವಯಂಸಿದ್ಧಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತಾನೆ. ನಮ್ಮ ಮೇಷ್ಟರ ‘ಸದ್ಯಕ್ಕೆ’ ಎಂಬ ಪದದಲ್ಲಿ ಅವನು ನಿಂತಿದ್ದಾನೆ.

ಫ್ರೇಗೆಯು ಮಾತ್ರ ಅಲ್ಲಿ ನಿಲ್ಲಲು ಒಪ್ಪಲಿಲ್ಲ. 1925ರಲ್ಲಿ ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಅವನು ಅಂಕಗಣಿತಕ್ಕೆ ತರ್ಕದಲ್ಲಿ ತಳಹದಿ ಸಿಕ್ಕುವುದಿಲ್ಲವೆಂದು ಒಪ್ಪಿಕೊಂಡು, ಹೊಸದೊಂದು ತಳಹದಿಯನ್ನು ಹುಡುಕತೊಡಗಿದನು. ಒಪ್ಪಿಕೊಂಡದ್ದಲ್ಲ, ನಿಜವಾದದ್ದೇ ಬೇಕಾಗಿತ್ತು ಅವನಿಗೆ. ಐನ್‌ಸ್ಟೈನನ ಸಿದ್ಧಾಂತವು ಹೊರಬಂದು ಆಗಲೇ ಸುಮಾರು ಹತ್ತು ವರ್ಷಗಳಾಗಿದ್ದವು. ಆ ವೃದ್ಧನು ತನ್ನ ಕೊನೆಯ ಟಿಪ್ಪಣಿಗಳಲ್ಲಿ ಅಂಕಗಣಿತದ ಆಧಾರಕ್ಕೆಂದು ಆರಿಸಿಕೊಂಡದ್ದು ರೇಖಾಗಣಿತವನ್ನು. ಅವನ ದೃಷ್ಟಿಯಲ್ಲಿ ಸತ್ಯವಾದ ರೇಖಾಗಣಿತ ಒಂದೇ ಇತ್ತು, ಅದು ಯೂಕ್ಲಿಡನದು.